ಗುಜರಿಯ ಸ್ಪೀಕರಿಗೊಂದು ಹಲಸಿನ ಮನೆ

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗ ನಡೆಸಿದ ಜಲಮೂಲ ಸಂರಕ್ಷಣೆಯ ಸಭೆಗೆ ಬಂದವರು ಅರವತ್ತು ಮಂದಿ. ಅವರಿಗೆ ಮಾತು ಕೇಳಿಸಲೆಂದು ನಾವು ಪೇಟೆಯಿಂದ ತರಿಸಿದ್ದು ಆಳೆತ್ತರದ ನಾಲ್ಕು ಧ್ವನಿಪೆಟ್ಟಿಗೆಗಳು, ಅವನ್ನು ಹೊತ್ತು ತಂದ ಒಂದು ಗಾಡಿ, ಕರೆಂಟು ಹೋದರೆ ಇರಲೆಂದು ಒಂದು ಡೀಸೆಲ್ ಜನರೇಟರ್. ಕರೆಂಟು ಹೋಯಿತು. ಊರಿನ ಹಳ್ಳ ಮಾರ್ಚ್ ತಿಂಗಳಲ್ಲೇ ಬತ್ತತೊಡಗಿದ್ದರ ಕುರಿತು ಹಿರಿಯರೊಬ್ಬರು ಆಡುತ್ತಿದ್ದ ಮಾತನ್ನು ಜನರೇಟರಿನ ಸದ್ದೇ ನುಂಗಿಹಾಕಿತು. ಲೆಕ್ಕ ಬರೆಯುವಾಗ ನೋಡಿದರೆ ಊಟದ ಖರ್ಚಿಗಿಂತ ಧ್ವನಿವರ್ಧಕದ ಬಾಡಿಗೆ ಹೆಚ್ಚಾಗಿತ್ತು. ಈ ಬರಹ ಆ ದಿನದ ನಾಚಿಕೆಯಿಂದ ಹುಟ್ಟಿದ್ದು.

ಬಳಗದ ಮುಂದೆ ನಾನಿಡುವ ಸಲಹೆ ಸಣ್ಣದು. ನಮ್ಮ ಸಭೆಗಳಿಗೆ ಇನ್ನು ಮುಂದೆ ಬಾಡಿಗೆಯ ಧ್ವನಿವರ್ಧಕ ಬೇಡ. ಹಳೆಯ ಕಾರು, ಜೀಪುಗಳಿಂದ ಬಿಚ್ಚಿ ಎಸೆದ ಸ್ಪೀಕರುಗಳಿಗೆ ನಾವೇ ಪೆಟ್ಟಿಗೆ ಕಟ್ಟಿಕೊಳ್ಳೋಣ.

ಮಲೆನಾಡಿನ ಯಾವ ಪೇಟೆಯ ಗುಜರಿ ಅಂಗಡಿಗೆ ಹೋದರೂ ಇಂಥ ಸ್ಪೀಕರುಗಳು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಕೆಟ್ಟವಲ್ಲ. ಒಡೆಯನಿಗೆ ಹೊಸ ಸೆಟ್ಟು ಬೇಕೆನಿಸಿತು, ಹಳೆಯದು ಬೀದಿಗೆ ಬಿತ್ತು, ಅಷ್ಟೆ. ಗುಜರಿಯವನಿಗೆ ಅದು ಕಬ್ಬಿಣದ ತೂಕ ಮಾತ್ರ. ಉಕ್ಕಿನ ಚೌಕಟ್ಟು, ಫೆರೈಟ್ ಅಯಸ್ಕಾಂತ, ತಾಮ್ರದ ಸುರುಳಿ ಇವೆಲ್ಲ ಎಲ್ಲೋ ಒಂದು ಗುಡ್ಡವನ್ನು ಅಗೆದು ತೆಗೆದ ವಸ್ತುಗಳೆಂದು ಕುದುರೆಮುಖದ ನೆರೆಯಲ್ಲಿ ಬಾಳಿದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿಯ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತಿತು. ನಮ್ಮ ಕಬ್ಬಿಣದ ಹಸಿವು ನಿಲ್ಲಲಿಲ್ಲ. ಸ್ಪೀಕರಿನ ಜತೆಗೆ ಬಂದ ತಂತಿಯ ಗತಿ ಇನ್ನೂ ಕೆಟ್ಟದ್ದು. ತಾಮ್ರದ ಆಸೆಗೆ ತಂತಿಯನ್ನು ಬಯಲಲ್ಲಿ ಸುಡುತ್ತಾರೆ; ಪಿ.ವಿ.ಸಿ. ಹೊದಿಕೆ ಉರಿದಾಗ ಏಳುವ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳಿರುತ್ತವೆ.

ಕೊಳ್ಳುವ ಮುನ್ನ ಪರೀಕ್ಷೆ ಸುಲಭ. ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿನ ಎರಡು ತುದಿಗೆ ಕ್ಷಣಮಾತ್ರ ತಾಗಿಸಿದರೆ ಟಪ್ಪೆಂಬ ಸದ್ದು ಬರಬೇಕು, ಮುಂದಿನ ಕೋನ್ ಅಲುಗಬೇಕು. ಕೋನನ್ನು ಬೆರಳುಗಳಿಂದ ಸಮನಾಗಿ ಮೆಲ್ಲನೆ ಒತ್ತಿದಾಗ ಒಳಗೆ ಕರಕರ ಉಜ್ಜಿದರೆ ಸುರುಳಿ ಕೆಟ್ಟಿದೆ ಎಂದರ್ಥ, ಬಿಟ್ಟುಬಿಡಿ. ಅಂಚಿನ ಸುತ್ತುಪಟ್ಟಿ ಸ್ಪಂಜಿನದಾಗಿದ್ದರೆ ನಮ್ಮ ತೇವಕ್ಕೆ ಅದು ಪುಡಿಯಾಗಿರುವುದೇ ಹೆಚ್ಚು, ರಬ್ಬರಿನದು ಬಾಳುತ್ತದೆ.

ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ನುಡಿಸಿದರೆ ಸದ್ದು ಪೀಚಲಾಗಿರುತ್ತದೆ. ಕೋನ್ ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಅದೇ ಗಳಿಗೆಯಲ್ಲಿ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಇವೆರಡೂ ಅಂಚನ್ನು ಬಳಸಿ ಒಂದನ್ನೊಂದು ಸೇರಿ ಮಂದ್ರದ ಸ್ವರಗಳನ್ನು ಅಳಿಸಿಹಾಕುತ್ತವೆ. ಕಾರಿನಲ್ಲಿ ಬಾಗಿಲಿನ ಟೊಳ್ಳೇ ಈ ಎರಡನ್ನೂ ಬೇರೆಯಾಗಿ ಇಡುತ್ತದೆ. ಕಾರಿಲ್ಲದ ಸ್ಪೀಕರಿಗೆ ಆ ಬಾಗಿಲನ್ನು ನಾವು ಕಟ್ಟಿಕೊಡಬೇಕು. ಪೆಟ್ಟಿಗೆಯೆಂದರೆ ಇಷ್ಟೇ, ಇದರಲ್ಲಿ ಮಂತ್ರವೇನೂ ಇಲ್ಲ. ಮಡಕೆಯ ಬಾಯಿಗೆ ಸ್ಪೀಕರನ್ನು ಬಿಗಿದು ಹಾಡು ಕೇಳುವವರನ್ನು ಹಳ್ಳಿಗಳಲ್ಲಿ ನೀವೂ ಕಂಡಿರಬಹುದು. ಅವರ ಜಾಣತನವನ್ನು ನಾನು ಬಹಳ ತಡವಾಗಿ ಅರಿತೆ. ಮಡಕೆಯ ಮೈ ಗಡುಸು, ಒಳಗೆ ಎದುರುಬದುರು ಗೋಡೆಗಳಿಲ್ಲ, ಆದ್ದರಿಂದ ಸದ್ದು ಒಳಗೊಳಗೇ ಮಾರ್ದನಿಸಿ ಕೆಡುವುದು ಕಡಿಮೆ.

ಆರೂವರೆ ಅಂಗುಲದ ಸ್ಪೀಕರಿಗೆ ಹನ್ನೆರಡು ಲೀಟರಿನಷ್ಟು ಒಳಜಾಗ ಸಾಕು. ಒಳ ಅಳತೆ 20 ಸೆಂ.ಮೀ. ಅಗಲ, 20 ಸೆಂ.ಮೀ. ಆಳ, 30 ಸೆಂ.ಮೀ. ಎತ್ತರವಿದ್ದರೆ ಲೆಕ್ಕ ಸರಿಹೋಗುತ್ತದೆ. ಕಾರಿನ ಸ್ಪೀಕರುಗಳು ದೊಡ್ಡ ಟೊಳ್ಳಿಗೆ ಒಗ್ಗಿದವು. ಸಂಗೀತದ ತುಂಬುದನಿ ಬೇಕಾದರೆ ಇದಕ್ಕಿಂತ ದೊಡ್ಡ ಪೆಟ್ಟಿಗೆ ಒಳ್ಳೆಯದು. ನಮಗೆ ಬೇಕಾದದ್ದು ಮಾತು. ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರಗಳನ್ನಷ್ಟೇ ಸಾಗಿಸಿ ಒಂದು ಶತಮಾನ ಲೋಕದ ವ್ಯವಹಾರ ನಡೆಸಿತು. ಎದೆ ನಡುಗಿಸುವ ಸದ್ದು ಸಭೆಗೆ ಬೇಕಿಲ್ಲ.

ಮರದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಅಗ್ಗವಾಗಿ ಸಿಕ್ಕಿತೆಂದು ಮೊದಲ ಪೆಟ್ಟಿಗೆಯನ್ನು ಎಂ.ಡಿ.ಎಫ್. ಹಲಗೆಯಿಂದ ಮಾಡಿದೆ. ಮರದ ನಾರಿನ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡುವ ಹಲಗೆಯದು. ಜಗಲಿಯಲ್ಲಿಟ್ಟಿದ್ದೆ. ಆಷಾಢ ಮುಗಿಯುವ ಹೊತ್ತಿಗೆ ಕೆಳಗಿನ ಅಂಚು ನೀರಿನಲ್ಲಿ ಅದ್ದಿದ ರೊಟ್ಟಿಯಂತೆ ಊದಿಕೊಂಡಿತು. ಎರಡನೆಯದಕ್ಕೆ, ಕೆಡವಿದ ಹಳೆಯ ಮನೆಯೊಂದರ ಹಲಸಿನ ಬಾಗಿಲನ್ನು ಕೊಯ್ಯಿಸಿದೆ. ಹತ್ತಾರು ಮಳೆಗಾಲ ಕಂಡ ಮರ ಇನ್ನು ಸೊಟ್ಟಗಾಗುವುದು ಕಡಿಮೆ. ನಮ್ಮೂರ ಆಚಾರರು ಅದರ ಮೂಲೆಗಳಿಗೆ ಮೊಳೆಯಿಲ್ಲದೆ ಹಲ್ಲುಜೋಡಣೆ ಮಾಡಿಕೊಟ್ಟರು. ಇಂಥ ಕೆಲಸ ಕೈಗೆ ಬಂದು ಎಷ್ಟು ವರ್ಷವಾಯಿತೋ ಎಂದರು. ಈಗೆಲ್ಲ ಅವರಿಗೆ ಸಿಗುವುದು ಪ್ಲೈವುಡ್ಡಿಗೆ ಮೈಕಾ ಅಂಟಿಸುವ ಕೆಲಸ. ಆದರೆ ಒಂದು ಮಾತು: ಸ್ಪೀಕರ್ ಪೆಟ್ಟಿಗೆಗೆಂದು ಯಾರಾದರೂ ನಿಂತ ಹಲಸಿಗೆ ಕೊಡಲಿ ಹಾಕಿದರೆ ಈ ಬರಹವನ್ನು ನಾನು ಹಿಂದಕ್ಕೆ ಪಡೆಯುತ್ತೇನೆ.

ಪೆಟ್ಟಿಗೆ ಗಾಳಿಯಾಡದಂತಿರಬೇಕು. ಸಂದಿಗಳಿಗೆ ಫೆವಿಕಾಲ್ ಬೆರೆಸಿದ ಮರದ ಹೊಟ್ಟು, ತಂತಿ ಹೊರಬರುವ ರಂಧ್ರಕ್ಕೆ ಜೇನುಮೇಣ, ಸ್ಪೀಕರಿನ ಚೌಕಟ್ಟು ಕೂರುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬಿನ ಬಳೆ. ಒಳಗೆ ಹರಿದ ಹಾಸಿಗೆಯ ಹತ್ತಿಯನ್ನು ಸಡಿಲವಾಗಿ ತುಂಬಿದರೆ ಮಾರ್ದನಿ ಅಡಗುತ್ತದೆ.

ಇನ್ನು ಆಂಪ್ಲಿಫೈಯರ್. ವಿದ್ಯಾರ್ಥಿಗಳು ಇಲ್ಲಿ ಎಚ್ಚರವಹಿಸಬೇಕು. ಕಾರಿನ ಸ್ಪೀಕರುಗಳ ತಡೆ ಸಾಮಾನ್ಯವಾಗಿ 4 ಓಮ್. ಎಂಟು ಓಮಿಗೆಂದೇ ಮಾಡಿದ ಮನೆಬಳಕೆಯ ಆಂಪ್ಲಿಫೈಯರಿಗೆ ಒಂದನ್ನೇ ನೇರವಾಗಿ ಜೋಡಿಸಿದರೆ ಅದು ಬಿಸಿಯಾಗಿ ಸುಡಬಹುದು. ಎರಡು ಸ್ಪೀಕರನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ 8 ಓಮ್ ಆಗುತ್ತದೆ. ಸೋಲಾರ್ ದೀಪದ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಣ್ಣ ಬೋರ್ಡು ನಮಗೆ ಸಾಕು, ಆದರೆ ಬ್ಯಾಟರಿಯ ತಂತಿಗೆ ಫ್ಯೂಸ್ ಹಾಕದೆ ಜೋಡಿಸಬೇಡಿ.

ಎಷ್ಟು ವ್ಯಾಟ್ ಬೇಕು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇಂಥ ಸ್ಪೀಕರು ಒಂದೇ ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, ಹೆಚ್ಚುಕಡಿಮೆ 90 ಡೆಸಿಬೆಲ್ ಸದ್ದು ಕೊಡುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಎಂಟು ಮೀಟರಿನಾಚೆ ಕುಳಿತವರಿಗೆ 72 ಉಳಿಯುತ್ತದೆ. ಎದುರು ಕುಳಿತು ಮಾತಾಡುವ ಸಾಮಾನ್ಯ ದನಿ ಸುಮಾರು 60. ಹೀಗಿರುವಾಗ ಅರವತ್ತು ಮಂದಿಯ ಸಭೆಗೆ ಸಾವಿರಾರು ವ್ಯಾಟಿನ ಗೋಪುರಗಳನ್ನು ನಿಲ್ಲಿಸಿದ್ದು ಯಾರನ್ನು ಮೆಚ್ಚಿಸಲು?

ಬಳಗದ ಗೆಳೆಯರೊಬ್ಬರು ಈ ಯೋಜನೆಗೆ ಕಟುವಾಗಿಯೇ ಆಕ್ಷೇಪಿಸಿದರು. ಹಬ್ಬದ ರಾತ್ರಿಗಳ ಡಿ.ಜೆ. ಸದ್ದನ್ನು ವಿರೋಧಿಸುವ ನಾವೇ ಮನೆಮನೆಗೂ ಧ್ವನಿವರ್ಧಕ ಮಾಡುವುದನ್ನು ಕಲಿಸುವುದೆ, ಹುಡುಗರು ಇಂದು ಒಂದು ಪೆಟ್ಟಿಗೆ ಕಟ್ಟಿದರೆ ನಾಳೆ ಹತ್ತು ಕಟ್ಟುವುದಿಲ್ಲವೆ, ಎಂದರು. ಆಕ್ಷೇಪ ಹಗುರವಾದದ್ದಲ್ಲ. ಇಂಥ ಸ್ಪೀಕರುಗಳನ್ನೇ ಪೇರಿಸಿ ಊರನ್ನು ಎಬ್ಬಿಸುವವರನ್ನು ನಾನೂ ಕಂಡಿದ್ದೇನೆ. ನನ್ನ ಉತ್ತರವಿಷ್ಟೆ: ಬಾಡಿಗೆಗೆ ತಂದ ಸದ್ದಿನ ಅಳತೆ ತಂದವನ ಕೈಯಲ್ಲಿರುವುದಿಲ್ಲ, ತಾನೇ ಕಟ್ಟಿದವನಿಗೆ ಒಂದು ವ್ಯಾಟ್ ಎಂದರೇನೆಂದು ಗೊತ್ತಿರುತ್ತದೆ. ಇದರಿಂದ ಎಲ್ಲರೂ ಸಜ್ಜನರಾಗುತ್ತಾರೆಂದು ನಾನು ವಾದಿಸುವುದಿಲ್ಲ. ಶಬ್ದಮಾಲಿನ್ಯ ನಿಯಮಗಳು 2000ದಿಂದಲೇ ಜಾರಿಯಲ್ಲಿವೆ. ಸಾರ್ವಜನಿಕವಾಗಿ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಸಾಮಾನ್ಯವಾಗಿ ನಿಷೇಧವಿದೆ. ಪೆಟ್ಟಿಗೆ ಹಲಸಿನದಾದ ಮಾತ್ರಕ್ಕೆ ನಮಗೆ ವಿನಾಯಿತಿಯಿಲ್ಲ.

ಮೂವತ್ತು ಮಂದಿ ಸೇರುವಲ್ಲಿ ಯಾವ ಪೆಟ್ಟಿಗೆಯೂ ಬೇಡವೆಂಬ ಅವರ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಿದೆ. ವೃತ್ತವಾಗಿ ಕುಳಿತರೆ ಗಂಟಲೇ ಸಾಕು.

ಸದ್ಯ ನನ್ನ ಜಗಲಿಯಲ್ಲಿ ಎರಡು ಪೆಟ್ಟಿಗೆಗಳು ಸಿದ್ಧವಾಗಿವೆ. ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ಬೋರ್ಡು ಬೇಕಾಗಿದೆ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ವಿದ್ಯಾರ್ಥಿಗಳು ಕಟ್ಟಿಕೊಡುವುದಾದರೆ ಸಂತೋಷ. ಮೈಕನ್ನು ಪೆಟ್ಟಿಗೆಗಳ ಹಿಂದೆ ಇಡಬೇಕು, ಮುಂದಿಟ್ಟರೆ ಕಿವಿ ಕೊರೆಯುವ ಸಿಳ್ಳೆ ಏಳುತ್ತದೆ ಎಂಬುದನ್ನು ಈಗಲೇ ಹೇಳಿಡುತ್ತೇನೆ. ಮುಂದಿನ ತಿಂಗಳ ಸಭೆಯಲ್ಲಿ ಬಾಡಿಗೆಯ ವಿಷಯ ತೀರ್ಮಾನಕ್ಕೆ ಬರಲಿದೆ. ಅಂದು ಎರಡನ್ನೂ ಹೊತ್ತು ತರುತ್ತೇನೆ. ಹಳ್ಳದ ವಿಷಯ ಹೇಳುತ್ತಿದ್ದ ಆ ಹಿರಿಯರಿಗೂ ಹೇಳಿಕಳಿಸಿದ್ದೇನೆ. ಅವರ ಮಾತು ಅರ್ಧಕ್ಕೇ ನಿಂತಿತ್ತು.