ದನಿ ಕೊಟ್ಟವರ ಹಕ್ಕೊತ್ತಾಯ

ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ಮಾಹಿತಿ ತಂತ್ರಜ್ಞಾನ ಇಲಾಖೆಗೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ, ಕೇಂದ್ರದ ವಾಣಿಜ್ಯ ಮತ್ತು ವಾರ್ತಾ ಪ್ರಸಾರ ಸಚಿವಾಲಯಗಳಿಗೆ



ಹಾಡುವವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಸಿನಿಮಾಕ್ಕೆ ಕಂಠದಾನ ಮಾಡುವವರು, ರೇಡಿಯೋದಲ್ಲಿ ಓದುವವರು, ಜಾತ್ರೆಯಲ್ಲಿ ಕಂಸಾಳೆ ಹಿಡಿಯುವವರು, ಇವರೆಲ್ಲರ ಪರವಾಗಿ ಬರೆದ ಪತ್ರವಿದು. ಕೆಲವೇ ನಿಮಿಷಗಳ ಧ್ವನಿಮುದ್ರಣ ಸಿಕ್ಕರೆ ಸಾಕು, ಯಾರ ಕಂಠವನ್ನಾದರೂ ಹೋಲುವ ದನಿಯನ್ನು ಕಂಪ್ಯೂಟರ್ ತಯಾರಿಸುತ್ತದೆ. ಆ ದನಿ ನಾವು ಹಾಡದ ಹಾಡು ಹಾಡುತ್ತದೆ, ಆಡದ ಮಾತು ಆಡುತ್ತದೆ. 2025ರಲ್ಲಿ ನಟನಟಿಯರೇ ಇಲ್ಲದೆ, ಎಐನಿಂದ ಮಾಡಿಸಿದ ‘ಲವ್ ಯೂ’ ಎಂಬ ಕನ್ನಡ ಸಿನಿಮಾ ಸೆನ್ಸಾರ್ ಮುಗಿಸಿ ತೆರೆಗೂ ಬಂತು. ಚೆನ್ನಾಗಿತ್ತೋ ಇಲ್ಲವೋ ಪ್ರೇಕ್ಷಕರು ಹೇಳಲಿ. ಮಾಡಲು ಸಾಧ್ಯ ಎಂಬುದಂತೂ ನಿರ್ಮಾಪಕರಿಗೆಲ್ಲ ಗೊತ್ತಾಯಿತು.

ಯಂತ್ರವೇ ಬೇಡ ಎನ್ನುವವರು ನಾವಲ್ಲ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ, ಕಲಬುರಗಿಯ ಮಾತನ್ನೂ ಕುಂದಾಪುರದ ಮಾತನ್ನೂ ತಪ್ಪಿಲ್ಲದೆ ಗ್ರಹಿಸುವ ತಂತ್ರಾಂಶ ಕನ್ನಡಕ್ಕೆ ತುರ್ತಾಗಿ ಬೇಕು. ಭಾಷೆ ಎಲ್ಲರದು, ನಿಜ. ಆದರೆ ಒಬ್ಬರ ಕಂಠ ಅವರದೇ. ಕನ್ನಡದ ಉದ್ಧಾರ ಎಂಬ ಹೆಸರಿನಲ್ಲಿ ಕಲಾವಿದರ ದನಿಯನ್ನು ಪುಕ್ಕಟೆ ಹೊತ್ತೊಯ್ಯುವುದಕ್ಕೆ ಮಾತ್ರ ನಮ್ಮ ವಿರೋಧ. ಆದ್ದರಿಂದ ಈ ಒತ್ತಾಯಗಳು:

1. ಕೇಳದೆ ಯಾರ ಕಂಠವನ್ನೂ ನಕಲು ಮಾಡಬಾರದು.
1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರದರ್ಶನ ನೀಡುವವರಿಗೆ 50 ವರ್ಷಗಳ ಹಕ್ಕು ಕೊಟ್ಟಿದೆ. ಆ ಹಕ್ಕು ನಾವು ನಿಜವಾಗಿ ಹಾಡಿದ್ದಕ್ಕೆ. ನಮ್ಮ ದನಿಯಲ್ಲಿ ಯಂತ್ರ ಹೊಸದಾಗಿ ಹಾಡಿದರೆ ಏನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಸದ್ಯಕ್ಕೆ ಕೋರ್ಟುಗಳೇ ಉತ್ತರ ಹುಡುಕುತ್ತಿವೆ: 2023ರಲ್ಲಿ ದೆಹಲಿ ಹೈಕೋರ್ಟ್ ನಟ ಅನಿಲ್ ಕಪೂರ್ ಅವರಿಗೂ 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರಿಗೂ ರಕ್ಷಣೆ ಕೊಟ್ಟವು. ಒಳ್ಳೆಯದೇ ಆಯಿತು, ಅವರಿಗೆ ಹೈಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ಇತ್ತು. ಬಾಗಲಕೋಟೆ ಕಡೆಯ ಶ್ರೀಕೃಷ್ಣ ಪಾರಿಜಾತ ಆಟದ ಕಲಾವಿದೆ ಯಾವ ವಕೀಲರನ್ನು ಹಿಡಿಯಬೇಕು? ಕಾಯ್ದೆಗೆ ತಿದ್ದುಪಡಿ ತನ್ನಿ. ಅದಾಗುವ ತನಕ ಪ್ರತಿ ಜಿಲ್ಲೆಯಲ್ಲೂ ಇಂಥ ದೂರು ತೆಗೆದುಕೊಳ್ಳಲು ಒಬ್ಬ ಅಧಿಕಾರಿಯನ್ನು ನೇಮಿಸಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೊಡಿ.

2. ತೀರಿಹೋದವರ ದನಿಗೂ ಕಾವಲು ಬೇಕು.
2023ರ ತೆಲುಗು ಸಿನಿಮಾ ‘ಕೀಡಾ ಕೋಲಾ’ದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಎಐ ಮೂಲಕ ಬಳಸಿದರೆಂದು ಅವರ ಮಗ ಲಾಯರ್ ನೋಟಿಸ್ ಕಳಿಸಿದರು. ‘ಲಾಲ್ ಸಲಾಂ’ ಸಿನಿಮಾದ ಹಾಡಿಗೆ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದ ಎ.ಆರ್. ರೆಹಮಾನ್, ಮನೆಯವರ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟಿದ್ದಾಗಿ ಹೇಳಿದರು. ಒಂದೇ ಕಾಲದ ಎರಡು ನಡೆ. ಎರಡನೆಯದು ಸಜ್ಜನಿಕೆಯಿಂದ ಆದದ್ದು, ಕಾನೂನಿನ ಬಲದಿಂದಲ್ಲ. ವ್ಯಕ್ತಿತ್ವದ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ ಎಂದು ನಟ ಸುಶಾಂತ್ ಸಿಂಗ್ ರಜಪೂತ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿಯಾಗಿದೆ. ಎಸ್‌ಪಿಬಿ ಕನ್ನಡದಲ್ಲಿ ಹಾಡಿದ್ದನ್ನು ನೆನೆದರೆ ಇದು ನಮ್ಮ ಮನೆಯ ವಿಷಯವೂ ಹೌದು. ಕಲಾವಿದರು ತೀರಿಕೊಂಡ ಮೇಲೂ 50 ವರ್ಷ ಅವರ ದನಿಯ ಹಕ್ಕು ವಾರಸುದಾರರಿಗಿರಲಿ.

3. ಕಲಿತವರು ಕಲಿಸಿದವರ ಹೆಸರು ಹೇಳಲಿ, ಪಾಲು ಕೊಡಲಿ.
‘ಶಿಷ್ಯರೂ ಕೇಳಿಯೇ ಕಲಿಯುತ್ತಾರಲ್ಲ, ಯಂತ್ರ ಕಲಿತರೆ ಏನು ತಪ್ಪು?’ ಎಂದು ಕಂಪನಿಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ತೀರಾ ಚಿಕ್ಕ ವಯಸ್ಸಿನಲ್ಲಿ ಹೋದರು. ಅವರ ಕ್ಯಾಸೆಟ್ ಕೇಳುತ್ತ ಬೆಳೆದ ಭಾಗವತರು ಬಡಗುತಿಟ್ಟಿನಲ್ಲಿದ್ದಾರೆ. ಯಾರೂ ಆಕ್ಷೇಪಿಸಲಿಲ್ಲ. ಆದರೆ ಆ ಭಾಗವತರು ವರ್ಷಗಟ್ಟಲೆ ಮೇಳದಲ್ಲಿ ದುಡಿದವರು, ತಮ್ಮದೇ ಗಂಟಲಲ್ಲಿ ಹಾಡಿದವರು, ‘ಇದು ನಾವಡರ ದಾಟಿ’ ಎಂದು ಬಾಯ್ತುಂಬ ಹೇಳಿದವರು. ಯಂತ್ರ ಯಾರ ಹೆಸರನ್ನೂ ಹೇಳುವುದಿಲ್ಲ, ಒಂದೇ ದಿನ ಸಾವಿರ ಕಡೆ ಹಾಡಿ ಆ ಭಾಗವತರ ಅನ್ನಕ್ಕೇ ಕೈ ಹಾಕುತ್ತದೆ. ತಾಳಮದ್ದಳೆಯ ಸಂಗತಿ ಇನ್ನೂ ತೊಡಕಿನದು. ಪ್ರಸಂಗದ ಪದ್ಯ ಹಳೆಯದು, ಅರ್ಥಧಾರಿಯ ಮಾತು ಆ ರಾತ್ರಿ ಹುಟ್ಟಿದ್ದು, ಬರೆದಿಟ್ಟ ಪ್ರತಿ ಇಲ್ಲ. ಯೂಟ್ಯೂಬಿಗೆ ಯಾರೋ ಹಾಕಿದ ವಿಡಿಯೋದಿಂದ ಅದನ್ನು ಎತ್ತಿಕೊಂಡವರು ಯಾರನ್ನು ಕೇಳಿದರು? ಯಾವ ಯಾವ ಮುದ್ರಣಗಳಿಂದ ಯಂತ್ರಕ್ಕೆ ಕಲಿಸಲಾಯಿತು ಎಂಬ ಪಟ್ಟಿಯನ್ನು ಕಂಪನಿಗಳು ಕಡ್ಡಾಯವಾಗಿ ಪ್ರಕಟಿಸಬೇಕು. ಪಾಲಿನ ಲೆಕ್ಕ ಅಲ್ಲಿಂದ ಶುರುವಾಗಲಿ.

4. ಹಳೆಯ ಒಪ್ಪಂದಗಳನ್ನು ಹೊಸ ಬಳಕೆಗೆ ಎಳೆಯಬಾರದು.
ಒಪ್ಪಂದವಾದಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ, ಅದರ ಹೆಸರೆತ್ತಿ ಹೇಳದ ಹೊರತು, ಹಕ್ಕು ವರ್ಗವಾಗದು ಎಂದು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಹೇಳುತ್ತದೆ. ಕ್ಯಾಸೆಟ್ ಕಾಲದಲ್ಲಿ ಹಾಕಿದ ಸಹಿ ಕಂಠ ನಕಲಿಗೆ ಒಪ್ಪಿಗೆಯಲ್ಲ ಎಂದು ಸರ್ಕಾರ ಸುತ್ತೋಲೆ ಹೊರಡಿಸಲಿ.

5. ಆಕಾಶವಾಣಿಯ ಧ್ವನಿ ಭಂಡಾರವನ್ನು ಕಲಾವಿದರನ್ನು ಕೇಳದೆ ಯಂತ್ರಕ್ಕೆ ಕೊಡಬಾರದು. ಧಾರವಾಡ, ಮೈಸೂರು, ಬೆಂಗಳೂರು, ಮಂಗಳೂರು ಕೇಂದ್ರಗಳಿಗೆ ಹಾಡಿದವರು ಪ್ರಸಾರಕ್ಕೆಂದು ಹಾಡಿದವರು.

6. ಊರವರ ಹಾಡಿಗೆ ಊರವರ ಒಪ್ಪಿಗೆ.
ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು; 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅವರು ಹಾಡಿದ್ದು ಹಾಲಕ್ಕಿ ಒಕ್ಕಲಿಗರ ಇಡೀ ಸಮುದಾಯದ ಹಾಡು. ಕಟ್ಟಿದವರ ಹೆಸರು ಗೊತ್ತಿಲ್ಲ ಅಂದ ಮಾತ್ರಕ್ಕೆ ಹೇಳುವವರು ಕೇಳುವವರು ಇಲ್ಲ ಎಂದಲ್ಲ. ಕಾಡಿನ ಬೇರಿನ ಬಗ್ಗೆ ಆ ಜನರಿಗಿರುವ ತಿಳಿವಳಿಕೆಯನ್ನು ಕಂಪನಿಯೊಂದು ಬಳಸಿದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ಲಾಭ ಹಂಚುವ ಮಾತು ಬರುತ್ತದೆ, ಸ್ಥಳೀಯ ಸಂಸ್ಥೆಗಳಲ್ಲಿ ಅದಕ್ಕೊಂದು ನಿರ್ವಹಣಾ ಸಮಿತಿಯೂ ಇದೆ. ಅದೇ ಕಾಡಿನ ಹಾಡಿಗೆ ಏನೂ ಇಲ್ಲ. ಹಾಲಕ್ಕಿ ಹಾಡಿಗೆ, ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳಿಗೆ ಇಂಥ ಸಮಿತಿಗಳಾಗಲಿ. ಅವುಗಳಲ್ಲಿ ಹಾಡುವವರೇ ಹೆಚ್ಚಿರಲಿ. ಸಂಗ್ರಹಿಸಿದ ವಿದ್ವಾಂಸರ ಬಗ್ಗೆ ಗೌರವವಿದೆ, ಆದರೆ ಒಪ್ಪಿಗೆ ಕೊಡುವ ಅಧಿಕಾರ ಅವರದಲ್ಲ.

7. ದನಿ ಸಂಗ್ರಹದ ಕೆಲಸಕ್ಕೆ ನ್ಯಾಯವಾದ ಕೂಲಿ.
ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸುತ್ತಿದೆ, ಅದನ್ನು ಎಲ್ಲರಿಗೂ ಮುಕ್ತವಾಗಿ ಕೊಡುತ್ತಿದೆ. ಇಂಥ ಕೆಲಸಕ್ಕೆ ನಮ್ಮ ಬೆಂಬಲವಿದೆ. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಳ್ಳಿಯವರಿಂದ ಮೊಬೈಲಿನಲ್ಲಿ ಓದಿಸಿ, ಆ ದತ್ತಾಂಶ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಕೊಡುವ ಕ್ರಮ ಇಟ್ಟುಕೊಂಡಿದೆ. ಒಬ್ಬರಿಗೆ ಸಾಧ್ಯವಾದದ್ದು ಉಳಿದವರಿಗೂ ಸಾಧ್ಯ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಲು ಬಾರದವರಿಗೆ ಓದಿ ಹೇಳಲಿ.

8. ಸರ್ಕಾರ ಮೊದಲು ತನ್ನದನ್ನು ಬಿಚ್ಚಿ ಕೊಡಲಿ.
ಕನ್ನಡಕ್ಕೆ ದತ್ತಾಂಶ ಕಡಿಮೆ ಎಂಬ ನೆಪವೊಡ್ಡಿ ಕಲಾವಿದರ ಕಡೆ ಕೈ ಚಾಚುವ ಮೊದಲು, ಸಾರ್ವಜನಿಕರ ಹಣದಲ್ಲಿ ಆದದ್ದು ಎಲ್ಲಿದೆ ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನಗಳು, ವಿಶ್ವವಿದ್ಯಾಲಯಗಳ ಜಾನಪದ ಸಂಗ್ರಹಗಳು, ಇವೆಲ್ಲ ಯಂತ್ರ ಓದಬಲ್ಲ ಶುದ್ಧ ಯುನಿಕೋಡ್ ಪಠ್ಯವಾಗಿ ಎಲ್ಲರಿಗೂ ಸಿಗಲಿ. ಕನ್ನಡ ಯುನಿಕೋಡಿಗೆ ಸೇರಿದ್ದು 1991ರಲ್ಲಿ. ಇಷ್ಟು ವರ್ಷಗಳಾದ ಮೇಲೂ ಹಳೆಯ ಫಾಂಟುಗಳ ಕಡತಗಳು ಕಚೇರಿಗಳಲ್ಲಿ ರಾಶಿ ಬಿದ್ದಿರುವುದು ನಾಚಿಕೆಗೇಡು.

9. ಯಂತ್ರದ ದನಿಯನ್ನು ಯಂತ್ರದ್ದೆಂದೇ ಹೇಳಬೇಕು: ಸಿನಿಮಾದ ಟೈಟಲ್ ಕಾರ್ಡಿನಲ್ಲಿ, ಜಾಹೀರಾತಿನಲ್ಲಿ, ಚುನಾವಣೆಯ ಫೋನ್ ಕರೆಯಲ್ಲಿ.

10. ಸೆಸ್ ವಿಸ್ತರಿಸಿ.
ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು 2024ರಲ್ಲಿ ನಮ್ಮ ವಿಧಾನಮಂಡಲವೇ ಕಾಯ್ದೆ ಮಾಡಿ, ಸಿನಿಮಾ ಟಿಕೆಟ್ಟಿಗೂ ಒಟಿಟಿ ಚಂದಾಕ್ಕೂ ಶೇ 1ರಿಂದ 2ರವರೆಗೆ ಸೆಸ್ ಹಾಕಲು ಅವಕಾಶ ಮಾಡಿಕೊಂಡಿತು. ಕಂಠ ತಯಾರಿಸಿ ಮಾರುವ ಕಂಪನಿಗಳನ್ನೂ ಅದರಡಿ ತನ್ನಿ. ಆ ಹಣ ಕಂಠದಾನ ಕಲಾವಿದರಿಗೂ ಬಯಲಾಟದವರಿಗೂ ಮುಟ್ಟಲಿ.

11. ಮಿಮಿಕ್ರಿಗೆ, ಅಣಕಕ್ಕೆ, ವಿಡಂಬನೆಗೆ ಇವು ಯಾವುವೂ ಅಡ್ಡಿಯಾಗಬಾರದು. ದೊಡ್ಡವರ ದನಿಯನ್ನು ಗೇಲಿ ಮಾಡುವ ಹಕ್ಕು ಮನುಷ್ಯರ ಗಂಟಲಿಗೆ ಇರಲೇಬೇಕು. ರಾಜಕಾರಣಿಗಳು ಈ ಪತ್ರವನ್ನು ತಮ್ಮ ಮಾನರಕ್ಷಣೆಗೆ ಬಳಸಿಕೊಂಡರೆ ನಾವೇ ಮೊದಲು ವಿರೋಧಿಸುತ್ತೇವೆ.

ಕಲಾವಿದ ಬಂಧುಗಳೇ, ಸರ್ಕಾರದ ಉತ್ತರ ಬರುವ ತನಕ ಸುಮ್ಮನೆ ಕೂರಬೇಡಿ. ಮುಂದಿನ ರೆಕಾರ್ಡಿಂಗಿಗೆ ಹೋದಾಗ ಒಪ್ಪಂದದಲ್ಲಿ ಎಐ ಎಂಬ ಮಾತು ಎಲ್ಲಿದೆ ಹುಡುಕಿ. ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬರೆದುಕೊಡಿ ಎನ್ನಿ. ಬರೆದುಕೊಡುವ ತನಕ ಸಹಿ ಹಾಕಬೇಡಿ.