ಬೇಸ್‌ಮೆಂಟಿಗೆ ಇಳಿಯೋ "ಜನ" ಯಾರು?

ಜೋರು ಮಳೆ ಬಂದ ಮಾರನೇ ದಿನ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋದು ಒಂದೇ ಮಾತು: "ಬೇಸ್‌ಮೆಂಟ್ ಕ್ಲೀನ್ ಮಾಡೋ ಜನ ಇದ್ರೆ ನಂಬರ್ ಕಳಿಸಿ." ಪಂಪ್ ಕೇಳಲ್ಲ, ಜನ ಕೇಳ್ತಾರೆ. ಆ ಜನ ಯಾವ ಕೇರಿಯಿಂದ ಬರ್ತಾರೆ ಅಂತ ಕೇಳೋರಿಗೂ ಗೊತ್ತು, ನಂಬರ್ ಕಳಿಸೋರಿಗೂ ಗೊತ್ತು. "ಈಗೆಲ್ಲಿದೆ ಸ್ವಾಮಿ ಜಾತಿ" ಅಂತ ನನ್ನ ಪೋಸ್ಟುಗಳ ಕೆಳಗೆ ಬರೆಯೋ ಮಹನೀಯರು ಒಂದ್ಸಲ ಆ ರ‍್ಯಾಂಪ್ ಇಳಿದು ನೋಡಲಿ.

ಹೋದ ಮಳೆಗಾಲದಲ್ಲಿ ನಾನು ನೋಡಿದ್ದು ಹೇಳ್ತೀನಿ. ಸೊಂಟದ ಮಟ್ಟ ನೀರು. ಅದರೊಳಗೆ ನಮ್ಮ ಹುಡುಗರಿಬ್ಬರು, ಚಡ್ಡಿ ಬನಿಯನ್ನಿನಲ್ಲಿ, ಬಕೆಟ್ ಹಿಡ್ಕೊಂಡು. ಕೈಗವಸಿಲ್ಲ, ಬೂಟಿಲ್ಲ. ಲಿಫ್ಟ್ ಓಡ್ತಾ ಇತ್ತು, ಅಂದ್ರೆ ಕರೆಂಟೂ ತೆಗೆದಿರಲಿಲ್ಲ! ಸಂಘದ ಕಾರ್ಯದರ್ಶಿಯನ್ನು ಕೇಳಿದ್ರೆ, "ಇದು ಮಳೆ ನೀರು ಕಣ್ರೀ, ಇದಕ್ಕೂ ಕಾನೂನು ಹೇಳ್ತೀರಲ್ಲ" ಅಂದ್ರು. ಮಳೆ ನೀರಾದ್ರೆ ಮೂಗಿಗೆ ಕರ್ಚೀಫ್ ಯಾಕೆ ಕಟ್ಕೊಂಡಿದ್ರಿ ಸಾರ್?

ಈ "ಮಳೆ ನೀರು" ಅನ್ನೋದೇ ದೊಡ್ಡ ಸುಳ್ಳು. ಮಳೆ ನೀರು ಯುಜಿಡಿ ಪೈಪಿಗೆ ಸೇರಿ ಲೈನ್ ತುಂಬಿದಾಗ ಚೇಂಬರುಗಳು ಉಕ್ಕುತ್ತವೆ, ರಸ್ತೆಗಿಂತ ತಗ್ಗಿನಲ್ಲಿರೋ ಬೇಸ್‌ಮೆಂಟಿಗೆ ಕೊಳಚೆ ಹಿಂದಕ್ಕೆ ನುಗ್ಗುತ್ತೆ. ಎಷ್ಟೋ ಕಡೆ ಎಸ್‌ಟಿಪಿ ಇರೋದೂ ಅಲ್ಲೇ. ಅದೂ ಮುಳುಗಿದ ಮೇಲೆ ನಮ್ಮ ಹುಡುಗರು ಮೊಗೆಯೋದು ಮೇಲಿನ ಮಹಡಿಗಳವರ ಮಲವನ್ನ. ನೀರು ಇಳಿದ ಮೇಲೆ "ಹಂಗೇ ಆ ಗುಂಡಿನೂ ಸ್ವಲ್ಪ ನೋಡಪ್ಪ" ಅಂತಾರೆ. ಸಾವು ಕೂತಿರೋದು ಆ ಗುಂಡೀಲಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದ್ರೆ ಮೂಗಿಗೆ ವಾಸನೆಯೇ ಹತ್ತಲ್ಲ, ಆಳು ಹಂಗೇ ಕುಸಿಯುತ್ತಾನೆ. ಅವನನ್ನ ಎತ್ತೋಕೆ ಇಳಿದವನೂ ಹೋಗ್ತಾನೆ.

"ಕಂಟ್ರಾಕ್ಟರ್ ಕಳಿಸಿದ್ದು, ನಮಗೇನು ಗೊತ್ತು" ಅನ್ನೋ ಮಾತೂ ನಡೆಯಲ್ಲ. 2013ರ ಕಾಯ್ದೆ ಓದಿ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕೆಲಸಕ್ಕೆ ನೇರವಾಗಲಿ, ಪರೋಕ್ಷವಾಗಲಿ ಯಾರನ್ನೂ ಹಚ್ಚೋ ಹಾಗಿಲ್ಲ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, ಇಲ್ಲಾ 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಸತ್ತರೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಆದರೆ ಎಫ್‌ಐಆರ್‌ನಲ್ಲಿ "ಕಾಲು ಜಾರಿ ಬಿದ್ದ" ಅಂತ ಬರೆಸಿಬಿಟ್ಟರೆ ಈ 30 ಲಕ್ಷ ಯಾರ ಮನೆಗೆ ಬರುತ್ತೆ?

ಕರೆಂಟಿನ ಮಾತು ಸುಮ್ಮನೆ ಹೇಳಿದ್ದಲ್ಲ. 2025ರ ಮೇ 19ರಂದು ಬಿಟಿಎಂ ಲೇಔಟ್ ಕಡೆ ಬೇಸ್‌ಮೆಂಟಿನ ನೀರನ್ನ ಪಂಪಿನಿಂದ ಹೊರಹಾಕೋಕೆ ಹೋಗಿ ಅಲ್ಲಿನ ಹಿರಿಯ ನಿವಾಸಿಯೊಬ್ಬರು ಶಾಕ್ ಹೊಡೆದು ತೀರಿಕೊಂಡರು. ಜೊತೆಗೆ ಅಲ್ಲೇ ಕೆಲಸಕ್ಕಿದ್ದ ನೇಪಾಳಿಯೊಬ್ಬರ 12 ವರ್ಷದ ಮಗನೂ ಹೋದ. ಕೆಲಸದವರ ಮಗು ಅದು.

ಕಾರು ಮುಳುಗಿದ್ರೆ ಇನ್ಶೂರೆನ್ಸ್ ಹೇಗೆ ಅಂತ ಗ್ರೂಪಲ್ಲಿ ನೂರು ಮೆಸೇಜು. ಇಳಿದವನಿಗೆ ಬೂಟು ಕೊಟ್ರಾ ಅಂತ ಒಂದೂ ಇರಲ್ಲ. ಮೊದಲು ಮೇನ್ ಸ್ವಿಚ್ ತೆಗೆಸಿ. ಬೆಸ್ಕಾಂಗೆ 1912, ಜಲಮಂಡಳಿಗೆ 1916 ಹೊಡೆದು ಜೆಟ್ಟಿಂಗ್ ಮಷೀನ್ ಕೇಳಿ. ಕೊಳಚೆ ವಾಪಸ್ ಬರದಂಗೆ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ನೀರು ಏರಿದಂತೆ ತಾನೇ ಆನ್ ಆಗೋ ಪಂಪ್ ಇಡಿ. ಇಟಾಲಿಯನ್ ಮಾರ್ಬಲ್ಲಿಗೆ ದುಡ್ಡಿದೆ, ಇದಕ್ಕಿಲ್ವಾ?

ಪೌರಕಾರ್ಮಿಕ ಕಾಲೋನಿಗಳ ತಮ್ಮಂದಿರೇ, ಈ ಮಳೆಗಾಲದಲ್ಲಿ ಯಾರಾದ್ರೂ ಬರಿಗಾಲಲ್ಲಿ ಇಳಿಯೋಕೆ ಹೇಳಿದ್ರೆ ಇಳೀಬೇಡಿ. ಫೋಟೋ ತೆಗೆದು ಇನ್‌ಬಾಕ್ಸಿಗೆ ಕಳಿಸಿ. ದೂರು ಬರೆಯೋ ಕೆಲಸ ನನಗೆ ಬಿಡಿ, ಆಫೀಸಲ್ಲಿ ದಿನಾ ಬರೆಯೋದೇ ಅದು.

ಜೈ ಭೀಮ್.