ಚಕ್ರದ ಮೇಲಿನ ಅಡುಗೆಮನೆ

ಹಾಸಿಗೆ, ಒಲೆ, ಫ್ರಿಜ್, ಪಾಯಖಾನೆ ಎಲ್ಲವನ್ನೂ ಒಂದೇ ಗಾಡಿಯೊಳಗೆ ಇಟ್ಟುಕೊಂಡು ಊರೂರು ತಿರುಗುವುದಕ್ಕೆ ಕ್ಯಾರವಾನ್ ಪ್ರವಾಸ ಎನ್ನುತ್ತಾರೆ. ಕೇರಳ ಸರ್ಕಾರ 2021ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನೂ ಮಾಡಿತು. ಈಗ ನಮ್ಮ ಕೇಶ್ವಾಪುರದ ಮನೆಗಳಲ್ಲೂ ಅದರ ಮಾತು. ಹೆಂಗಸರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲವೆಂದು ಗಂಡಸರು ಹೊಗಳುತ್ತಾರೆ. ನಾನು ಒಪ್ಪುವುದಿಲ್ಲ. ಒಲೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೆಂಗಸಿನ ದುಡಿತವೂ ಹೋಗುತ್ತದೆ.

ನಾವು ಆರು ಮಂದಿ ಅಂಥದೊಂದು ಗಾಡಿ ಬಾಡಿಗೆ ಹಿಡಿದು ಕರಾವಳಿಯ ನೆಂಟರನ್ನು ನೋಡಿ ಬಂದೆವು. ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಾಟಿ ಇಳಿದು ಅಂಕೋಲಾ. ಅಲ್ಲಿಂದ ಕುಮಟಾ, ಹೊನ್ನಾವರ, ಉಡುಪಿ. "ವೈನಿ, ಗಾಡ್ಯಾಗ ಒಲಿ ಐತಿ, ಯಾರಿಗೂ ತ್ರಾಸಿಲ್ಲ ನೋಡ್ರಿ" ಅಂದಿದ್ದ ಮೈದುನ. ಶರಾವತಿ ಸೇತುವೆಯ ಹತ್ತಿರ ಗಂಡಸರು ಹೊಳೆ ನೋಡುತ್ತ ಚಹಾ ಕುಡಿದರು. ನಾನೂ ನೆಗೆಣ್ಣಿಯೂ ಒಳಗೆ ಕುಗ್ಗಿ ನಿಂತು, ನೀರು ಮುಗಿದೀತೆಂದು ಹೆದರುತ್ತ, ಲೋಟ ತೊಳೆದೆವು. ಇತ್ತ ಕುಮಟಾದ ಸೋದರತ್ತೆಗೆ ತ್ರಾಸು ತಪ್ಪಿತೇ? ನೆಂಟರು ತನ್ನ ಅಂಗಳದಲ್ಲೇ ಬೇಯಿಸಿಕೊಂಡು ಉಂಡರೆ ಯಾವ ಗೃಹಿಣಿ ಸಹಿಸುತ್ತಾಳೆ? ಅವಳೂ ಬೆಳಿಗ್ಗೆಯಿಂದ ಕಾಯಿ ತುರಿದು, ಅರೆದು, ಆರು ಎಲೆ ಹಾಕಿದಳು. ಒಂದು ಅಡುಗೆಮನೆ ಇದ್ದಲ್ಲಿ ಎರಡಾದವು, ಅಷ್ಟೇ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ನಮಗೆ ಐದು ತಾಸಿಗೆ ಹನ್ನೊಂದೇ ನಿಮಿಷ ಕಡಿಮೆ, ಅವರಿಗೆ ಒಂದೂವರೆ ತಾಸೂ ಇಲ್ಲ. ಗಾಡಿಗೆ ಚಕ್ರ ಇದ್ದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಕಳೆದುಕೊಂಡದ್ದು ಇನ್ನೊಂದಿದೆ. ಹಿಂದೆ ನೆಂಟರ ಮನೆಗೆ ಹೋದರೆ ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ ಹಾಸುತ್ತಿದ್ದರು. ದೀಪ ಆರಿದ ಮೇಲೆ ಅಕ್ಕತಂಗಿಯರ ನಿಜವಾದ ಮಾತು ಶುರು. ಕೊಟ್ಟ ಹೆಣ್ಣು ಸುಖವಾಗಿದ್ದಾಳೋ ಇಲ್ಲವೋ ಎಂಬುದು ತಿಳಿಯುತ್ತಿದ್ದದ್ದು ಆಗ. ಕ್ಯಾರವಾನಿನಲ್ಲಿ ಮಲಗುವ ಜಾಗ ಇರುತ್ತದಲ್ಲ, ಯಾರ ಮನೆಯಲ್ಲೂ ರಾತ್ರಿ ಉಳಿಯಬೇಕಾಗಿಲ್ಲ! ಹೊನ್ನಾವರದಲ್ಲಿ ನನ್ನ ತಂಗಿ ಗೇಟಿನವರೆಗೆ ಬಂದು, "ಅಕ್ಕಾ, ಒಂದ ರಾತ್ರಿ ಇದ್ದು ಹೋಗ" ಅಂದಳು. ಬಾಡಿಗೆ ದಿನದ ಲೆಕ್ಕದ್ದು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಅವಳು ಹೇಳಬೇಕೆಂದಿದ್ದದ್ದು ಅವಳಲ್ಲೇ ಉಳಿಯಿತು.

ಪಾಯಖಾನೆಯ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ದಾರಿಯುದ್ದಕ್ಕೂ ನೀರು ಕುಡಿಯದೆ ಕೂಡುವ ಕಷ್ಟ ಹೆಂಗಸರಿಗೇ ಗೊತ್ತು. ಆದರೆ ಅದಕ್ಕೆ ಪರಿಹಾರ ಪ್ರತಿ ಬಸ್ ನಿಲ್ದಾಣದಲ್ಲೂ ಹೆದ್ದಾರಿಯ ಬದಿಯಲ್ಲೂ ನೀರಿರುವ, ಚಿಲಕ ಬೀಳುವ ಶೌಚಾಲಯ. ದುಡ್ಡಿದ್ದವರು ತಮ್ಮದನ್ನು ತಾವು ಹೊತ್ತುಕೊಂಡು ಹೋದರೆ ಉಳಿದವರ ಗತಿ ಏನು?

2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ನಮಗೆ ಟಿಕೆಟಿನ ದುಡ್ಡಿಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಬಸ್ಸಿದೆ. ಒಂದು ಚೀಲದಲ್ಲಿ ಎರಡು ಸೀರೆ ಹಾಕಿಕೊಳ್ಳಿ, ಒಲೆಯನ್ನು ಮನೆಯವರಿಗೆ ಒಪ್ಪಿಸಿ, ಹೊರಡಿ. ತಂಗಿಯ ಮನೆಯಲ್ಲಿ ಎರಡು ರಾತ್ರಿ ಇರಿ. ಅವಳು ಅಡುಗೆ ಮಾಡುವಾಗ ಪಕ್ಕದಲ್ಲಿ ಕೂತು ಕಾಯಿ ತುರಿದುಕೊಡಿ, ಅವಳು ಮಾತಾಡಲಿ.